ಅಣ್ಣ ತಮ್ಮ ಅಕ್ಕ ತಂಗಿ ಡಿಎನ್‌ಎ ಟೆಸ್ಟ್: ಮನಿತನದ ಮೂಲ ಹುಡುಕೋರು ಯಾರ್ದು ಮಾಡಸ್ಬೇಕು, ಯಾವ್ದು ಮಾಡಸ್ಬೇಕು

ಹೈದ್ರಾಬಾದ್‌ದಾಗೋ ಪುಣೆದಾಗೋ ಅಮೆರಿಕಾದಾಗೋ ನೌಕರಿ ಮಾಡೋ ನಮ್ ಕಲಬುರಗಿ ಬೀದರ ಕಡಿ ಹುಡುಗ್ರು ಈಗೀಗ ಮುತ್ಯಾನ ಅಪ್ಪ ಯಾರು, ಮೂಲ ಊರು ಯಾವ್ದು, 1948ರ ಹೊತ್ತಿನ ರಜಾಕಾರರ (ನಿಜಾಮರ ಪರ ಪಡಿ) ಗದ್ಲದಾಗ ಸೊಲ್ಲಾಪುರ ಕಡಿ ಹೋದ ಮುತ್ಯಾನ ತಮ್ಮನ ಮಕ್ಳು ಮೊಮ್ಮಕ್ಳು ಈಗ ಎಲ್ಲಿದಾರ ಅಂತ ಹುಡುಕ್ಲಾಕ ಶುರು ಮಾಡ್ಯಾರ, ಹುಡುಕ್ತಾ ಹುಡುಕ್ತಾ ಡಿಎನ್‌ಎ ಕಿಟ್ ತನಕ ಬಂದು ನಿಂದರ್ತಾರ. ಅಲ್ಲಿ ಎಲ್ಲಾರ್ದೂ ಒಂದೇ ಪ್ರಶ್ನೆ, ನಾನೊಬ್ನೇ ಮಾಡ್ಸಿದ್ರ ಸಾಕಾ, ನಮ್ಮಕ್ಕಂದೂ ಮಾಡಸ್ಬೇಕಾ, ತಮ್ಮಂದೂ ಬೇಕಾ, ಸುಮ್ನ ರೊಕ್ಕ ಹಾಳಾಗ್ತದಾ ಅಂತ.

ನನ್ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ. ಅಪ್ಪ ಅವ್ವ ಇಬ್ರೂ ಇದ್ರ ಅವ್ರದು ಮಾಡಸ್ರಿ, ಅಣ್ಣ ತಮ್ಮಂದಿರ್ದು ಬ್ಯಾಡ. ಅವ್ರು ತೀರ್ಕೊಂಡಿದ್ರ ನಿಮ್ಮಕ್ಕಂದು ಮಾಡ್ಸೋಕಿಂತ ಮೊದ್ಲ ಅಪ್ಪನ ಅಕ್ಕನೋ ತಮ್ಮನೋ, ಅವ್ವನ ಅಣ್ಣನೋ ತಂಗಿನೋ ಯಾರರ ಬದುಕಿದ್ರ ಅವ್ರದು ಮಾಡಸ್ರಿ, ಯಾಕಂದ್ರ ಆ ಹಿರ್ಯಾರು ಹೋದ್ರಂದ್ರ ಅವ್ರ ಜೋಡಿ ಅವ್ರ ಡಿಎನ್‌ಎನೂ ಹೋಗ್ತದ, ನಿಮ್ಮಕ್ಕಂದು ಇನ್ನೊಂದ್ ಐದು ವರ್ಷ ಬಿಟ್ಟು ಮಾಡ್ಸಿದ್ರೂ ನಡೀತದ. ಅವ್ರೂ ಯಾರೂ ಉಳಿದಿಲ್ಲಂದ್ರ ಆವಾಗ ಒಡಹುಟ್ಟಿದೋರ ಟೆಸ್ಟ್, ಮತ್ತ ಅದು ಆವಾಗ ಭಾಳ ಬೆಲಿ ಬಾಳ್ತದ.

ಒಂದೇ ಹೆಸರಿನ ಮ್ಯಾಲ ಎರಡು ಬ್ಯಾರೆ ಬ್ಯಾರೆ ಟೆಸ್ಟ್ ಅವ

ಸಿಬ್ಲಿಂಗ್ ಡಿಎನ್‌ಎ ಟೆಸ್ಟ್ ಅಂತ ಫೋನ್‌ನಾಗ ಹುಡುಕಿದ್ರ ಮೊದ್ಲ ಬರೋದು ಲ್ಯಾಬಿನೋರ ಜಾಹೀರಾತು. ಇದು ಇಬ್ರು ಒಂದೇ ಅಪ್ಪ-ಅವ್ವಗ ಹುಟ್ಯಾರಾ ಇಲ್ಲಾ ಅಂತ ನೋಡೋ ಟೆಸ್ಟ್. ಇದ್ರಾಗ ಎಸ್‌ಟಿಆರ್ ಅಂತ 15ರಿಂದ 24 ಮಾರ್ಕರ್ (ಡಿಎನ್‌ಎದಾಗಿನ ಗುರುತಿನ ಜಾಗ) ನೋಡ್ತಾರ, ನೋಡಿ ಒಂದು ಇಂಡೆಕ್ಸ್ ಕೊಡ್ತಾರ, ಒಡಹುಟ್ಟಿದೋರು ಆಗಿರೋ ಸಾಧ್ಯತೆ ಸಂಬಂಧ ಇಲ್ದೋರು ಆಗಿರೋದಕ್ಕಿಂತ ಎಷ್ಟು ಪಟ್ಟು ಜಾಸ್ತಿ ಅನ್ನೋ ಲೆಕ್ಕ ಅದು. ಅಪ್ಪ-ಮಗನ ಟೆಸ್ಟಿನಾಗ 99.99 ಅಂತ ಬರ್ತದಲ್ಲ, ಹಂಗ ಇಲ್ಲಿ ಪ್ರತಿ ಸಲ ಕಡ್ಡಿ ಮುರಿದಂಗ ಉತ್ರ ಬರಂಗಿಲ್ಲ, ಯಾಕಂದ್ರ ಒಂದೇ ಅಪ್ಪ-ಅವ್ವನ ಮಕ್ಳಾದ್ರೂ ಆ ಇಪ್ಪತ್ತು ಜಾಗದಾಗ ಕೆಲವು ಕೂಡಂಗೇ ಇಲ್ಲ, ಅದೇ ವ್ಯಾಳ್ಯಾಕ್ಕ ಸಂಬಂಧನೇ ಇಲ್ದೋರ್ದು ಕೆಲವು ಕೂಡ್ತಾವ. ಅಪ್ಪ ಒಬ್ಬ ಅವ್ವ ಬ್ಯಾರೆ ಇದ್ದೋರ ಕೇಸಿನಾಗಂತೂ ರಿಪೋರ್ಟ್ ನಡುವಿನ ನಂಬರಿಗೆ ಬಂದು ಸಿಕ್ಕೊಳ್ಳೋದು ಸಾಮಾನ್ಯ. ಅವ್ವ ಬದುಕಿದ್ದು ಆಕಿ ಸ್ಯಾಂಪಲ್ಲೂ ಕೊಟ್ರ ಉತ್ರ ಗಟ್ಟಿ ಆಗ್ತದ, ಆಕಿ ಕಡಿಂದ ಬಂದಿದ್ದು ಯಾವ್ದು ಅಂತ ತಗದು ಉಳಿದಿದ್ದು ಅಪ್ಪಂದು ಅಂತ ಹೋಲ್ಸಬಹುದು.

ಎರಡ್ನೇದು ವಂಶಾವಳಿ ಹುಡುಕೋರು ಮಾಡ್ಸೋ ಆಟೋಸೋಮಲ್ ಟೆಸ್ಟ್, ಅಂದ್ರ ಅಪ್ಪ ಅವ್ವ ಇಬ್ರ ಕಡಿಂದೂ ಬಂದ ಡಿಎನ್‌ಎ ನೋಡೋದು. ಇದ್ರಾಗ ಇಪ್ಪತ್ತು ಮಾರ್ಕರ್ ಅಲ್ಲ, ಆರೇಳು ಲಕ್ಷ ಜಾಗ ನೋಡ್ತಾರ. ಎಷ್ಟು ಉದ್ದದ ತುಣುಕು ಇಬ್ರಲ್ಲೂ ಒಂದೇ ಅದ ಅಂತ ಸೆಂಟಿಮಾರ್ಗನ್ ಲೆಕ್ಕದಾಗ ಕೊಡ್ತಾರ. ಒಡಹುಟ್ಟಿದೋರಿಗೆ ಸರಾಸರಿ 2600 ಸೆಂಟಿಮಾರ್ಗನ್ ಹತ್ರ ಬರ್ತದ, ಅಪ್ಪ ಇಲ್ಲಾ ಅವ್ವ ಒಬ್ರು ಬ್ಯಾರೆ ಇದ್ರ 1750 ಆಸುಪಾಸು. ಇದ್ರ ಜೋಡಿ ಇನ್ನೊಂದು ಸಾಕ್ಷಿ ಸಿಗ್ತದ, ಅದು ನಂಬರಿಗಿಂತ ಛಲೋದು. ಪೂರಾ ಒಡಹುಟ್ಟಿದೋರಿಗೆ ಡಿಎನ್‌ಎದ ಕಾಲು ಭಾಗದಾಗ ಅಪ್ಪನ ಕಡಿಂದೂ ಅವ್ವನ ಕಡಿಂದೂ ಎರಡೂ ಪ್ರತಿ ಒಂದೇ ಇರ್ತಾವ, ಅರ್ಧ ಭಾಗದಾಗ ಒಂದು ಪ್ರತಿ ಕೂಡ್ತದ, ಉಳಿದ ಕಾಲು ಭಾಗದಾಗ ಏನೂ ಕೂಡಂಗಿಲ್ಲ. ಆ ಎರಡೂ ಕೂಡೋ ಜಾಗ ಮಲತಾಯಿ ಮಕ್ಳ ನಡುವ ಇರಂಗೇ ಇಲ್ಲ ಅನ್ಬಹುದು. ಜೆಡ್‌ಮ್ಯಾಚ್ ಅನ್ನೋ ವೆಬ್‌ಸೈಟಿನಾಗ ಇಬ್ರ ಟೆಸ್ಟಿನ ಡೇಟಾ ಫೈಲ್ ಹಾಕಿ ಒಂದಕ್ಕೊಂದು ಹೋಲ್ಸಿದ್ರ ಹಸ್ರು ಬಣ್ಣದ ಉದ್ದ ಉದ್ದ ಪಟ್ಟಿ ಕಾಣ್ತಾವ, ಅವೇ ಅವು.

ಹಂಗಾಗಿ ನಿಮ್ ಉದ್ದೇಶ ಮನಿತನದ ಇತಿಹಾಸ ಅಂದ್ರ ಲ್ಯಾಬಿನ ಸಿಬ್ಲಿಂಗ್ ಟೆಸ್ಟಿಗೆ ರೊಕ್ಕ ಹಾಕಬ್ಯಾಡ್ರಿ. ಅದು ಇಬ್ರ ನಡುವಿನ ಒಂದು ಪ್ರಶ್ನೆಗೆ ಅಷ್ಟೇ ಉತ್ರ ಕೊಟ್ಟು ಮುಗೀತದ, ಮುತ್ಯಾನ ತನಕ ಹೋಗಂಗಿಲ್ಲ, ಮೂರ್ನೇ ಮನುಷ್ಯಾನ ಜೋಡಿ ಹೋಲ್ಸಾಕೂ ಬರಂಗಿಲ್ಲ. ಆಟೋಸೋಮಲ್ ಆದ್ರ ಅದೇ ಪ್ರಶ್ನೆಗೂ ಇನ್ನಾ ಛಲೋ ಉತ್ರ ಕೊಡ್ತದ, ಫೈಲೂ ನಿಮ್ ಕೈಯಾಗ ಉಳೀತದ.

ಅಕ್ಕಂದು ಯಾಕ ಮಾಡಸ್ಬೇಕು, ಯಾವಾಗ ಬ್ಯಾಡ

ಅಪ್ಪನ ಡಿಎನ್‌ಎದಾಗ ಅರ್ಧ ಅಷ್ಟೇ ನಿಮಗ ಬಂದದ. ನಿಮ್ಮಕ್ಕಗ ಬಂದಿದ್ದೂ ಅರ್ಧನೇ, ಆದ್ರ ಅದೇ ಅರ್ಧ ಅಲ್ಲ. ಒಂದೇ ಜೋಳದ ರಾಶಿಗೆ ಇಬ್ರು ಕೈ ಹಾಕಿ ಬೊಗಸಿ ತುಂಬ್ಕೊಂಡಂಗ, ಕಾಳು ಅವೇ ರಾಶಿಯವು, ಬೊಗಸಿ ಬ್ಯಾರೆ. ಅದಕ್ಕ ನೀವೊಬ್ರು ಮಾಡ್ಸಿದ್ರ ಅಪ್ಪನ 50 ಪರ್ಸೆಂಟ್ ಸಿಗ್ತದ, ಇಬ್ರು ಮಾಡ್ಸಿದ್ರ ಸುಮಾರು 75, ಮೂವರು ಮಾಡ್ಸಿದ್ರ 87.5, ನಾಕು ಮಂದಿ ಆದ್ರ 93.75. ನೋಡ್ರಿ ಎರಡ್ನೇಯವ್ರು 25 ಕೂಡಿಸಿದ್ರು, ನಾಕನೇಯವ್ರು ಆರು ಕೂಡಿಸಿದ್ರು ಅಷ್ಟೇ. ಅಪ್ಪ ಅವ್ವ ಇಬ್ರೂ ಇಲ್ದ ಮನ್ಯಾಗ ಮೂವರದು ಮಾಡಸೋದು ನ್ಯಾಯ, ನಾಕನೇ ಕಿಟ್ಟಿನ ರೊಕ್ಕ ಉಳ್ಸಿ ಕಾಕಾನ ಮಗಂದೋ ಅವ್ವನ ಕಡಿ ಅಣ್ಣ ತಮ್ಮಂದಿರ್ದೋ ಮಾಡಸ್ರಿ, ಯಾಕಂದ್ರ ಅವ್ರಿಂದ ಒಂದು ಕೊಂಬಿ ಬ್ಯಾರೆ ಆಗಿ ಕಾಣ್ತದ.

ದೂರದ ಸಂಬಂಧ ಹುಡುಕೋದ್ರಾಗ ಈ ವ್ಯತ್ಯಾಸ ಖರೇನೇ ಗೊತ್ತಾಗ್ತದ. ಅಣ್ಣ ತಮ್ಮಂದಿರ ಮಕ್ಳು ತಮ್ಮೊಳಗ 12.5 ಪರ್ಸೆಂಟ್ ಹಂಚ್ಕೊಂಡಿರ್ತಾರ, ಅವ್ರ ಮಕ್ಳು ತಮ್ಮೊಳಗ 3 ಪರ್ಸೆಂಟ್ ಚಿಲ್ರ, ಅವ್ರ ಮಕ್ಳಿಗೆ ಬರೋಷ್ಟ್ರಾಗ 1 ಪರ್ಸೆಂಟಿಗೂ ಕಮ್ಮಿ. ಅದಕ್ಕೂ ಮುಂದಿನ ತಲಿ ಅಂದ್ರ ಸುಮಾರು ಅರ್ಧ ಜೋಡಿಗೆ ಏನೂ ಕೂಡಂಗೇ ಇಲ್ಲ, ಸಂಬಂಧ ಖರೇ ಇದ್ರೂ. ಅಂದ್ರ 1948ರಾಗ ಬೇರ್ಪಟ್ಟ ಮನಿತನದ ಮೂರ್ನೇ ನಾಕನೇ ತಲಿಯವ್ರು ಈಗ ಟೆಸ್ಟ್ ಮಾಡ್ಸಿ, ನಿಮಗ ಕೂಡ್ಲಿಲ್ಲ ಅಂದ್ರ ಅಲ್ಲಿಗೇ ಸಂಬಂಧ ಇಲ್ಲ ಅಂತ ಬಿಟ್ಟುಬಿಡಬ್ಯಾಡ್ರಿ, ನಿಮ್ ತಮ್ಮಗ ಕೂಡಬಹುದು, ಅಕ್ಕಗ ಕೂಡಬಹುದು. ಅತ್ತಿ (ಅಪ್ಪನ ಅಕ್ಕ ಇಲ್ಲಾ ತಂಗಿ) ಬದುಕಿದ್ರ ಆಕಿಗಿ ಕೂಡೋ ಸಾಧ್ಯತೆ ನಿಮ್ಮೆಲ್ಲಾರಕಿಂತ ಜಾಸ್ತಿ, ಆಕಿ ಒಂದು ತಲಿ ಮ್ಯಾಲಿದಾಳ, ಆಕಿ ಮೈಯಾಗಿನ ಡಿಎನ್‌ಎ ಎಲ್ಲಾನೂ ನಿಮ್ ಮುತ್ಯಾ ಆಯಿದೇ, ನಿಮ್ ಮೈಯಾಗ ಅರ್ಧ ಅವ್ವನ ಕಡಿದು ಕೂಡಿ ಹೋಗ್ಯಾದ.

ನಮ್ ಕಡಿ ಲಗ್ನಗೋಳು, ಮತ್ತ ಅದ್ರಿಂದ ಆಗೋ ಗೊಂದಲ

ಇಲ್ಲಿ ಸ್ವಲ್ಪ ನಿಂತು ಓದ್ರಿ, ಯಾಕಂದ್ರ ಇಷ್ಟು ನಂಬರ್ ಬಂದ್ರ ಇಂಥಾ ಸಂಬಂಧ ಅಂತ ಟೆಸ್ಟ್ ಕಂಪನಿಗೋಳು ಕೊಡೋ ಚಾರ್ಟ್, ಸಂಬಂಧದಾಗ ಲಗ್ನ ಆಗದ ಮಂದಿ ಮ್ಯಾಲ ಮಾಡಿದ್ದು. ನಮ್ಮಲ್ಲಿ ಅಕ್ಕನ ಮಗಳನ್ನ ತಮ್ಮ ಮಾಡ್ಕೊಳ್ಳೋದು, ಸೋದರತ್ತಿ ಮಗಳು, ಸೋದರಮಾವನ ಮಗಳು, ಇದೆಲ್ಲಾ ಮನಿ ಮನಿಗೂ ಅದ. ಹಿಂತಾ ಮನ್ಯಾಗ ಆ ಚಾರ್ಟ್ ಹಂಗೇ ಹಚ್ಚಿದ್ರ ತಪ್ಪು ಉತ್ರ ಬರ್ತದ.

ಸೋದರಮಾವ–ಸೊಸಿ ಲಗ್ನದ ಮನಿ ತಗೋರಿ. ನಿಮ್ಮಪ್ಪ ತನ್ನ ಅಕ್ಕನ ಮಗಳನ್ನ ಮಾಡ್ಕೊಂಡಾನ ಅಂದ್ರ ನಿಮ್ ಅತ್ತಿನೇ ನಿಮ್ ಆಯಿ. ಆಕಿ ಜೋಡಿ ನಿಮ್ದು ಆಯಿ ಅಂತ 25, ಅತ್ತಿ ಅಂತ 25, ಎರಡೂ ಕೂಡಿ 50 ಪರ್ಸೆಂಟಿನ ಲೆಕ್ಕ ಬರ್ತದ. ಮ್ಯಾಲೆ ನಾನು ಅತ್ತಿದು ಮಾಡಸ್ರಿ ಅಂದಿದ್ದು ಅಪ್ಪನ ಕಡಿ ಅವ್ವನ ಕಡಿ ಬ್ಯಾರೆ ಮಾಡ್ಲಾಕ, ಆದ್ರ ಈ ಮನ್ಯಾಗ ಆಕಿ ಎರಡೂ ಕಡಿ ಅದಾಳ, ಬ್ಯಾರೆ ಮಾಡ್ಲಾಕ ಆಕಿ ಉಪಯೋಗಕ್ಕ ಬರಂಗಿಲ್ಲ. ಇಲ್ಲಿ ಅವ್ವನ ಅಪ್ಪನ ಕಡಿಯವ್ರು ಯಾರರ ಇದ್ರ ಅವ್ರದು ಮಾಡಸ್ರಿ, ಆ ಒಂದು ಕೊಂಬಿ ಅಷ್ಟೇ ಹೊರಗಿಂದು. ಇನ್ನ ಈ ಮನಿ ಅಣ್ಣ ತಮ್ಮಂದಿರ ನಡುವ ಸಂಬಂಧದ ಲೆಕ್ಕ 50 ಅಲ್ಲ, 62.5. ಸೋದರತ್ತಿ ಇಲ್ಲಾ ಸೋದರಮಾವನ ಮಕ್ಳು ಲಗ್ನ ಆದ ಮನ್ಯಾಗ 56.25. ತಲತಲಾಂತರದಿಂದ ಹಂಗೇ ನಡೆದು ಬಂದಿದ್ರ ಇನ್ನಾ ಜಾಸ್ತಿ.

ಅಪ್ಪ ಒಬ್ಬ ಅವ್ವ ಬ್ಯಾರೆ ಅನ್ನೋ ಕೇಸಿನಾಗ ಇದು ಭಾಳ ಮುಖ್ಯ ಆಗ್ತದ. ಮೊದಲ್ನೇ ಹೆಂಡತಿ ಬಾಣಂತನದಾಗ ತೀರ್ಕೊಂಡ್ರ ಆಕಿ ತಂಗಿನೇ ತಂದು ಲಗ್ನ ಮಾಡೋದು ನಮ್ ಹಿರ್ಯಾರ ಕಾಲದಾಗ ಎಷ್ಟು ಮನ್ಯಾಗ ಆಗ್ಯಾದ ನಿಮಗೇ ಗೊತ್ತದ, ಆ ಇಬ್ರು ಅವ್ವಗೋಳ ಮಕ್ಳ ನಡುವ 25 ಅಲ್ಲ, 37.5 ಪರ್ಸೆಂಟ್ ಸಂಬಂಧ ಬರ್ತದ, ಇಂಗ್ಲಿಷ್‌ನೋರು ಇದಕ್ಕ ಮುಕ್ಕಾಲು ಒಡಹುಟ್ಟು ಅಂತಾರ. ಅಣ್ಣ ತೀರ್ಕೊಂಡ ಮ್ಯಾಲ ಅತ್ತಿಗಿನ ತಮ್ಮ ಉಡಿಕಿ ಮಾಡ್ಕೊಂಡ ಮನ್ಯಾಗೂ ಅದೇ ಲೆಕ್ಕ, ಅಲ್ಲಿ ಅವ್ವ ಒಬ್ಬಾಕಿ ಅಪ್ಪಗೋಳು ಅಣ್ಣ ತಮ್ಮ. ಇವ್ರ ನಡುವ ಎರಡೂ ಪ್ರತಿ ಕೂಡೋ ಜಾಗನೂ ಇರ್ತದ, ಸುಮಾರು 12.5 ಪರ್ಸೆಂಟ್. ಪೂರಾ ಒಡಹುಟ್ಟು ಆದ್ರ 25, ಅವ್ವಗೋಳು ಸಂಬಂಧ ಇಲ್ದೋರು ಆದ್ರ 0, ಇವ್ರದು ನಡುವ. ಲ್ಯಾಬಿನ ಇಪ್ಪತ್ತು ಮಾರ್ಕರಿನ ಟೆಸ್ಟ್ ಹಿಂತಾದ್ರಾಗ ಪೂರಾ ಒಡಹುಟ್ಟು ಅಂತ ವಾಲಿದ್ರೂ ವಾಲ್ತದ, ಅದನ್ನ ನೋಡಿ ಮನ್ಯಾಗಿನ ಕಥಿ ಸುಳ್ಳು ಅಂತ ಹಿರ್ಯಾರ ಮ್ಯಾಲ ಗದ್ಲ ಮಾಡೋದು ಅನ್ಯಾಯ. ಸಂಬಂಧದ ಲಗ್ನ ಇದ್ದ ಮನಿಯವ್ರು ಆಟೋಸೋಮಲ್ಲೇ ಮಾಡಸ್ಬೇಕು, ಮಾಡಿಸಿದ ಮ್ಯಾಲ ಒಟ್ಟು ನಂಬರ್ ಒಂದೇ ನೋಡದೆ ತುಣುಕು ಎಷ್ಟೆಷ್ಟು ಉದ್ದ ಅವ ಅಂತನೂ ನೋಡ್ಬೇಕು. ಸಣ್ಣ ಸಣ್ಣ ತುಣುಕು ಭಾಳ ಕೂಡಿ ಆದ ನಂಬರ್ ಹಳೇ ಕಾಲದ ಸಂಬಂಧ, ಕಮ್ಮಿ ತುಣುಕು ಆದ್ರೂ ಒಂದೊಂದೂ ಉದ್ದ ಇದ್ರ ಹತ್ರದ ಸಂಬಂಧ. ಜೆಡ್‌ಮ್ಯಾಚ್‌ನಾಗ ನಿಮ್ ಅಪ್ಪ-ಅವ್ವ ಸಂಬಂಧದೋರಾ ಅಂತ ಒಬ್ರ ಫೈಲ್‌ನಿಂದಾನೇ ನೋಡೋ ಟೂಲೂ ಅದ, ಹೋಲ್ಸೋಕಿಂತ ಮೊದ್ಲ ಅದನ್ನ ಒಮ್ಮಿ ಹಚ್ಚಿ ನೋಡ್ರಿ.

ವೈ, ಮೈಟೋಕ್ಕ ಒಬ್ರು ಸಾಕು, ಎಕ್ಸ್‌ದು ಬ್ಯಾರೆ

ವೈ ಡಿಎನ್‌ಎ ಅಪ್ಪನಿಂದ ಮಗಗ ಹೆಚ್ಚುಕಮ್ಮಿ ಇದ್ದಂಗೇ ಹೋಗ್ತದ. ಅಣ್ಣ ತಮ್ಮ ಇಬ್ರದೂ ಒಂದೇ, ಇಬ್ರದೂ ಮಾಡ್ಸೋದು ದಂಡ. ಅಕ್ಕ ತಂಗಿಗೆ ವೈ ಇಲ್ಲ, ಅವ್ರಿಗಿ ಅಪ್ಪನ ಬಳಿ (ವಂಶದ ಸಾಲು) ಬೇಕಂದ್ರ ಅಣ್ಣನೋ ಕಾಕಾನೋ ಕಾಕಾನ ಮಗನೋ ಕೊಡ್ಬೇಕು. ಇಬ್ರು ಗಂಡಸ್ರು ಒಂದೇ ಅಪ್ಪನ ಮಕ್ಳಾ ಅನ್ನೋ ಸಂಶಯ ಇದ್ರ ಇದು ಛಲೋ ಜರಡಿ, ವೈ ಬ್ಯಾರೆ ಬಂತಂದ್ರ ಒಂದೇ ಅಪ್ಪ ಅಲ್ಲ, ಮುಗೀತು. ಕೂಡಿತಂದ್ರ ಮಾತ್ರ ಒಂದೇ ಅಪ್ಪ ಅಂತ ಆಗಂಗಿಲ್ಲ, ಕಾಕಾ ದೊಡ್ಡಪ್ಪ ಅವ್ರ ಮಕ್ಳು ಎಲ್ಲಾರ್ದೂ ಅದೇ ವೈ.

ಮೈಟೋ ಅಂದ್ರ ಮೈಟೋಕಾಂಡ್ರಿಯಾದಾಗಿನ ಡಿಎನ್‌ಎ, ಇದು ಅವ್ವನಿಂದ ಎಲ್ಲಾ ಮಕ್ಳಿಗೂ ಬರ್ತದ, ಮುಂದ ಹೆಣ್ಮಕ್ಳು ಅಷ್ಟೇ ದಾಟಸ್ತಾರ. ಇಲ್ಲೂ ಒಬ್ರು ಮಾಡ್ಸಿದ್ರ ಎಲ್ಲಾರಿಗೂ ಆಯ್ತು. ಇದು ಭಾಳ ನಿಧಾನ ಬದಲಾಗ್ತದ, ನೂರಿನ್ನೂರು ವರ್ಷದ ಮನಿತನದ ಪ್ರಶ್ನೆಗೆ ಇದ್ರಿಂದ ಹೆಚ್ಚೇನೂ ಸಿಗಂಗಿಲ್ಲ. ನನ್ನ ಕೇಳಿದ್ರ ಕಡೀಕ ಇಡ್ರಿ ಇದನ್ನ.

ಎಕ್ಸ್ ಕ್ರೋಮೋಸೋಮಿನಾಗ ಒಂದು ಉಪಾಯ ಅದ, ಭಾಳ ಮಂದಿಗೆ ಗೊತ್ತಿಲ್ಲ. ಅಪ್ಪಗ ಇರೋದೇ ಒಂದು ಎಕ್ಸ್, ಅದನ್ನ ಪೂರಾ ಹಂಗೇ ಎಲ್ಲಾ ಹೆಣ್ಮಕ್ಳಿಗೂ ಕೊಡ್ತಾನ. ಹಂಗಾಗಿ ಅವ್ವ ಬ್ಯಾರೆ ಬ್ಯಾರೆ ಇದ್ರೂ ಒಂದೇ ಅಪ್ಪನ ಇಬ್ರು ಹೆಣ್ಮಕ್ಳಿಗೆ ಎಕ್ಸ್ ತುದಿಯಿಂದ ತುದಿ ತನಕ ಒಂದು ಪ್ರತಿ ಕೂಡ್ಲೇಬೇಕು, ನಡುವ ಕಡಿದಿದ್ರ ಅಪ್ಪ ಒಬ್ಬ ಅಲ್ಲ. ಅಪ್ಪ ತೀರ್ಕೊಂಡು ಎರಡು ಹೆಂಡ್ರ ಹೆಣ್ಮಕ್ಳು ಅಷ್ಟೇ ಉಳಿದ ಮನ್ಯಾಗ ಇದ್ರಂಥ ಸಾಕ್ಷಿ ಇನ್ನೊಂದಿಲ್ಲ.

ಕಂಪನಿ ಯಾವ್ದು

ಮೊದ್ಲ ನೋಡ್ಬೇಕಾಗಿದ್ದು ಭಾರತಕ್ಕ ಕಿಟ್ ಕಳಸ್ತಾರೋ ಇಲ್ಲೋ ಅನ್ನೋದು, ರೊಕ್ಕ ಕಟ್ಟೋಕಿಂತ ಮುಂಚೆ ಕೇಳಿ ಪಕ್ಕಾ ಮಾಡ್ಕೋರಿ. ಆನ್ಸೆಸ್ಟ್ರಿದು ದೊಡ್ಡ ಡೇಟಾಬೇಸ್, ಆದ್ರ ಅದ್ರಾಗಿನ ಮಂದಿ ಹೆಚ್ಚಾಗಿ ಯುರೋಪ್ ಮೂಲದೋರೇ, ನಮಗ ಸಿಗೋದು ಯಾರೋ ದೂರದ ಐದಾರು ತಲಿ ಹಿಂದಿನ ಮ್ಯಾಚ್. ಫ್ಯಾಮಿಲಿ ಟ್ರೀ ಡಿಎನ್‌ಎದಾಗ ಆಟೋಸೋಮಲ್, ವೈ, ಮೈಟೋ ಮೂರೂ ಒಂದೇ ಕಡಿ ಆಗ್ತಾವ, ಗಲ್ಲದ ಒಳಗ ತಿಕ್ಕೋ ಕಡ್ಡಿ ಕೊಡ್ತಾರ, ವಯಸ್ಸಾದೋರಿಗೆ ಅದೇ ಛಲೋ. ಟ್ವೆಂಟಿತ್ರೀ ಆಂಡ್ ಮಿ ಅನ್ನೋದು 2023ರಾಗ 69 ಲಕ್ಷ ಮಂದಿ ಮಾಹಿತಿ ಹ್ಯಾಕರ್‌ಗೋಳ ಕೈಗೆ ಬಿಟ್ಟುಕೊಟ್ಟಿತ್ತು, 2025ರ ಮಾರ್ಚ್‌ನಾಗ ಅಮೆರಿಕಾ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು, ಆಮ್ಯಾಲ ಅದ್ರ ಸಂಸ್ಥಾಪಕಿ ಕಟ್ಟಿದ ಒಂದು ಲಾಭ ಇಲ್ದ ಸಂಸ್ಥೆ ಅದನ್ನ ಕೊಂಡ್ಕೊಂಡಿತು. ಯಾವ ಕಂಪನಿ ಆದ್ರೂ ಫಲಿತಾಂಶ ಬಂದ ದಿನಾನೇ ಕಚ್ಚಾ ಡೇಟಾ ಫೈಲ್ ಇಳಿಸ್ಕೊಂಡು ಇಟ್ಕೋರಿ, ಮನಿತನದ ದಾಖಲೆ ಅದೇ. ಎಲ್ಲಾರ್ದೂ ಒಂದೇ ಕಂಪನಿದಾಗ ಮಾಡ್ಸಿದ್ರ ಹೋಲ್ಸೋದು ಸಲೀಸು. ಇಂತಿಷ್ಟು ಪರ್ಸೆಂಟ್ ದಕ್ಷಿಣ ಭಾರತ ಇಂತಿಷ್ಟು ಇನ್ನೊಂದು ಅಂತ ಕೊಡೋ ಬಣ್ಣದ ನಕ್ಷೆಗೆ ಬೆಲಿ ಕೊಡಬ್ಯಾಡ್ರಿ, ಒಡಹುಟ್ಟಿದೋರಿಗೇ ಅದು ಬ್ಯಾರೆ ಬ್ಯಾರೆ ಬರ್ತದ.

ಡಿಎನ್‌ಎಕಿಂತ ಮೊದ್ಲ ಹೆಳವರು

ಹಿಂತಾ ಡೇಟಾಬೇಸ್‌ನಾಗ ನಮ್ ಮಂದಿ ಕಮ್ಮಿ ಇರೋದಕ್ಕ ನಮ್ ಕಡಿ ಡಿಎನ್‌ಎ ಕೆಲ್ಸ ಮಾಡೋ ರೀತಿನೇ ಬ್ಯಾರೆ. ಕಿಟ್ ಹಾಕಿ ಕುಂತ್ರ ಸಂಬಂಧಿಕ್ರು ತಾವೇ ಬಂದು ಸಿಗಂಗಿಲ್ಲ. ಮೊದ್ಲ ಕಾಗದ ಮತ್ತ ಬಾಯಿಮಾತಿನಿಂದ ಇಂಥಾ ಊರಿನ ಇಂಥಾ ಮನಿತನ ನಮ್ದೇ ಇರ್ಬೇಕು ಅನ್ನೋ ಒಂದು ಅಂದಾಜು ಬೇಕು, ಆಮ್ಯಾಲ ಆ ಮನಿ ಹಿರ್ಯಾರ್ನ ಕೇಳಿ ಒಪ್ಸಿ ಇಬ್ರದೂ ಮಾಡಸ್ಬೇಕು. ಸುಗ್ಗಿ ಮುಗಿದ ಮ್ಯಾಲ ಎತ್ತು ಹೂಡ್ಕೊಂಡು ಬಂದು ಮನಿ ಮುಂದ ನಿಂತು ಹಿಂದಿನ ತಲಿಮಾರು ಹೇಳ್ತಿದ್ದ ಹೆಳವರ ಹತ್ರ ಎಷ್ಟೋ ಮನಿತನದ ಪುಸ್ತಕ ಇನ್ನೂ ಅವ, ಯಾವ ಊರಿಂದ ಯಾವಾಗ ಎದ್ದು ಬಂದ್ರು, ಯಾವ ಅಣ್ಣ ಎಲ್ಲಿ ಉಳಿದ ಅಂತ ಅವ್ರು ಹೇಳ್ತಾರ. ನಿಮ್ ಮನಿಗೆ ಬರೋ ಹೆಳವ ಯಾವ ಊರಾವ ಅಂತ ಹಿರ್ಯಾರ್ನ ಕೇಳಿ ಬರ್ಕೋರಿ. ಹೆಳವರ ಪಟ್ಟಿದಾಗ ಹೆಣ್ಮಕ್ಳ ಹೆಸರು ಕಮ್ಮಿ, ಗಂಡಸರ ಬಳಿನೇ ಜಾಸ್ತಿ, ಅಂದ್ರ ಅದನ್ನ ಪರೀಕ್ಷೆ ಮಾಡ್ಲಾಕ ವೈ ಟೆಸ್ಟ್ ಸರಿಯಾಗಿ ಹೊಂದ್ತದ.

ಕಾಗದದಾಗ ಖಾಸ್ರಾ ಪಹಣಿ, ಹಳೇ ಮೋಡಿ ಲಿಪಿ ಇಲ್ಲಾ ಉರ್ದು ಪತ್ರ ಮನ್ಯಾಗಿನ ಟ್ರಂಕಿನಾಗ ಇದ್ರ ಒಗಿಬ್ಯಾಡ್ರಿ. 1948ರ ತನಕ ನಾವು ನಿಜಾಮರ ಹೈದ್ರಾಬಾದ್ ಸಂಸ್ಥಾನದಾಗ ಇದ್ವಿ, 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯಕ್ಕ ಬಂದ್ವಿ, ಅದಕ್ಕ ಆ ಕಾಲದ ಸರ್ಕಾರಿ ಕಾಗದ ಬೆಂಗಳೂರಿನಾಗ ಹುಡುಕಿದ್ರ ಸಿಗೋದು ಕಮ್ಮಿ, ಹೈದ್ರಾಬಾದಿನ ತಾರ್ನಾಕಾದಾಗಿರೋ ರಾಜ್ಯ ಪತ್ರಾಗಾರಕ್ಕ ಹೋಗ್ಬೇಕು. ನಾಡಕಚೇರಿ ವಂಶವೃಕ್ಷ ಬರೋದು ಅರ್ಜಿದಾರ ಹೇಳಿದ್ರ ಮ್ಯಾಲ, ಅದೊಂದನ್ನೇ ನಂಬಿ ಹಿಂದ ಹೋಗಬ್ಯಾಡ್ರಿ.

ಆಸ್ತಿ ಪ್ರಶ್ನೆ ನಡುವ ಬಂದ್ರ

ಇತಿಹಾಸ ಹುಡುಕ್ತೀನಿ ಅಂತ ಶುರು ಆಗಿ ಹೊಲದ ಪಾಲಿಗೆ ಬಂದು ನಿಂದರೋದು ನಮ್ ಕಡಿ ಸಾಮಾನ್ಯ. ಮನ್ಯಾಗ ಕುಂತು ಮಾಡ್ಸಿದ ಕಿಟ್ಟಿನ ರಿಪೋರ್ಟ್ ಕೋರ್ಟಿನಾಗ ನಡೆಯಂಗಿಲ್ಲ, ಸ್ಯಾಂಪಲ್ ಯಾರ್ದು ಅಂತ ಸಾಕ್ಷಿ ಇರಂಗಿಲ್ಲ. ಕೋರ್ಟಿಗೆ ಬೇಕಂದ್ರ ಗುರುತು ನೋಡಿ ಸಾಕ್ಷಿ ಮುಂದ ಸ್ಯಾಂಪಲ್ ತಗೊಳ್ಳೋ ಮಾನ್ಯತೆ ಇರೋ ಲ್ಯಾಬೇ ಬೇಕು. ಕೋರ್ಟೂ ಕೇಳಿದ ಕೂಡ್ಲೇ ಡಿಎನ್‌ಎ ಟೆಸ್ಟ್ ಆದೇಶ ಮಾಡಂಗಿಲ್ಲ, ಮದುವಿ ಇದ್ದಾಗ ಹುಟ್ಟಿದ ಮಗು ಆ ಗಂಡಂದೇ ಅಂತ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಹೇಳ್ತದ. ಎರಡ್ನೇ ಹೆಂಡತಿ ಮಕ್ಳ ವಿಷಯಕ್ಕ 2023ರ ಸೆಪ್ಟೆಂಬರ್ 1ಕ್ಕ ಸುಪ್ರೀಂ ಕೋರ್ಟ್ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಕೇಸಿನಾಗ, ಅನೂರ್ಜಿತ (ಕಾನೂನು ಪ್ರಕಾರ ಸಲ್ಲದ) ಮದುವಿ ಮಕ್ಳಿಗೂ ಅಪ್ಪಗ ಅವಿಭಕ್ತ ಕುಟುಂಬದಾಗ ಬರೋ ಪಾಲಿನಾಗ ಹಕ್ಕದ ಅಂತ ಹೇಳ್ಯಾದ. ಇದಕ್ಕ ವಕೀಲ್ರನ್ನ ನೋಡ್ರಿ, ಕಿಟ್ ಕೊಂಡು ಕುಂದರಬ್ಯಾಡ್ರಿ.

ಹಿರ್ಯಾರ ಸ್ಯಾಂಪಲ್ ತಗೊಳ್ಳೋ ಮುಂಚೆ

ಏನು ಮಾಡ್ಲಾಕತ್ತೀರಿ ಅಂತ ಅವ್ರಿಗಿ ತಿಳಿಯಂಗ ಹೇಳ್ರಿ. ಇದ್ರಿಂದ ಯಾರ್ದೋ ಅಪ್ಪ ಬ್ಯಾರೆ, ಯಾರೋ ದತ್ತು ಬಂದೋರು ಅಂತ ಹೊರಗ ಬೀಳಬಹುದು, ಅದನ್ನೂ ಹೇಳ್ರಿ, ಅತ್ತಿಗೆ ತಾನು ಎಪ್ಪತ್ತು ವರ್ಷ ಬಾಯಿ ಬಿಡದೆ ಇಟ್ಕೊಂಡಿದ್ದು ಏನರ ಇರಬಹುದು. ಬ್ಯಾಡ ಅಂದ್ರ ಬಿಟ್ಟುಬಿಡ್ರಿ, ಒತ್ತಾಯ ಮಾಡಬ್ಯಾಡ್ರಿ. ಒಡಹುಟ್ಟಿದೋರೂ ಅಷ್ಟೇ, ಒಬ್ರು ಟೆಸ್ಟ್ ಮಾಡ್ಸಿದ್ರ ಉಳಿದವ್ರ ಅರ್ಧ ಗುಟ್ಟು ಅದ್ರಾಗೇ ಇರ್ತದ, ಅದಕ್ಕ ಎಲ್ಲಾರೂ ಕುಂತು ಮಾತಾಡಿ, ಗೊತ್ತಾಗಿದ್ದು ಯಾರ್ಯಾರಿಗೆ ಹೇಳ್ಬೇಕು ಅಂತ ಮೊದ್ಲೇ ಒಂದು ಮಾತು ಮಾಡ್ಕೋರಿ.

ಒಪ್ಪಿದ್ರಂದ್ರ ಮುಂಜಾನಿ ಎದ್ದ ಕೂಡ್ಲೇ, ಚಾ ಕುಡಿಯೋಕಿಂತ ಮೊದ್ಲ ಮಾಡಸ್ರಿ. ಎಲಿ ಅಡಿಕಿ ತಂಬಾಕು ತಿನ್ನೋರು ಆದ್ರ ಬಾಯಿ ಛಂದಗಿ ಮುಕ್ಕಳಿಸಿ ಅರ್ಧ ತಾಸು ಏನೂ ತಿನ್ನದೆ ಕುಡಿಯದೆ ಇರ್ಬೇಕು. ಉಗುಳು ತುಂಬೋ ಟ್ಯೂಬ್ ಇದ್ರ ವಯಸ್ಸಾದೋರಿಗೆ ಬಾಯಿ ಒಣಗಿ ಅಷ್ಟು ಬರಂಗಿಲ್ಲ, ಸಾವಕಾಶ ಮಾಡಸ್ರಿ, ಗಲ್ಲದ ಮ್ಯಾಲ ಹೊರಗಿಂದ ಸ್ವಲ್ಪ ತಿಕ್ಕಿದ್ರ ಬರ್ತದ. ನಮ್ ಏಪ್ರಿಲ್ ಮೇ ಬಿಸಲಾಗ ಮುಚ್ಚಿದ ಕಾರಿನಾಗ ಸ್ಯಾಂಪಲ್ ಇಟ್ಟು ಅಡ್ಡಾಡಬ್ಯಾಡ್ರಿ. ಟ್ಯೂಬಿನ ಮ್ಯಾಲ ಯಾರ್ದು ಅಂತ ಅಲ್ಲೇ ಬರೀರಿ, ಮೂವರದು ಒಂದೇ ದಿನ ತಗೊಂಡ್ರ ಅದಲು ಬದಲು ಆಗ್ತಾವ. ಸ್ಯಾಂಪಲ್ ಕಳಿಸಿದ ಮ್ಯಾಲ ಅವ್ರ ಮುಂದ ಫೋನ್ ರೆಕಾರ್ಡ್ ಹಚ್ಚಿ ಕುಂದರ್ರಿ, ಅವ್ರ ಅವ್ವನ ತವರು ಯಾವ್ದು, ಆಯಿ ಹೆಸರು ಏನು, ಮನಿದೇವ್ರು ಯಾವ್ದು, ಜಾವಳ ಎಲ್ಲಿ ತಗಸ್ತಿದ್ರು, ಬರ ಬಿದ್ದಾಗ ಯಾರು ಎಲ್ಲಿಗೆ ಹೋದ್ರು ಅಂತ ಕೇಳ್ರಿ, ಮ್ಯಾಚ್ ಅಂತ ಯಾರರ ಸಿಕ್ಕ ದಿನ ಅವ್ರನ್ನ ಗುರುತು ಹಿಡಿಲಾಕ ಈ ಊರು ಹೆಸ್ರುಗೋಳೇ ಬೇಕಾಗ್ತಾವ.